ತಣ್ಣೀರು ಎಂದರೆ ಯಾವ ನೀರು

ಮಾನ್ಯ ಅಧ್ಯಕ್ಷರೂ ನಮ್ಮ ನ್ಯಾಯಾಲಯದ ರಿಜಿಸ್ಟ್ರಾರರೂ ಆದ ಶ್ರೀ ಸೈಲಸ್ ಕೆವೆರಿಯವರೇ, ಮುಖ್ಯ ಅತಿಥಿಗಳೂ ಪಸಾರೆ ತಾಳೆ ಎಣ್ಣೆ ಕಂಪನಿಯ ಜನಸಂಪರ್ಕ ಅಧಿಕಾರಿಗಳೂ ಆದ ಶ್ರೀ ಕೆಲ್ವಿನ್ ತರೂವೊ ಅವರೇ, ಮೂವತ್ತೊಂದು ವರ್ಷ ನನ್ನ ಜೊತೆ ಒಂದೇ ಕೆಟಲಿನ ಚಹಾ ಕುಡಿದ ಗುಮಾಸ್ತ ಮಿತ್ರರೇ, ಪೊಲೀಸ್ ಬಂಧುಗಳೇ, ಕುರ್ಚಿಗಳು ಖಾಲಿ ಇದ್ದರೂ ಬಾಗಿಲ ಪಕ್ಕ ನೆಲದ ಮೇಲೆಯೇ ಕೂತಿರುವ ನನ್ನ ಊರಿನವರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ನನ್ನ ಹೆಂಡತಿ ಡಾಫ್ನಿಯೇ, ಮಹನೀಯರೇ, ಮಹಿಳೆಯರೇ, ಸಭಿಕರೇ,

ಈಗಷ್ಟೇ ಅಧ್ಯಕ್ಷರು ಓದಿದ ಮಾನಪತ್ರವನ್ನು ನೀವೆಲ್ಲ ಕೇಳಿದಿರಿ. 'ಪಾಪುವಾ ನ್ಯೂಗಿನಿಯ ರಾಷ್ಟ್ರೀಯ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ದುಭಾಷಿಯಾಗಿ ದುಡಿದ ಶ್ರೀ ಲೂಸಿಯನ್ ಹಾರೋಬೆಯವರು ಸಾಕ್ಷಿಗಳ ಮಾತಿಗೆ ಒಂದು ಪದ ಕೂಡಿಸಲಿಲ್ಲ, ಒಂದು ಪದ ಕಳೆಯಲಿಲ್ಲ.' ಎಷ್ಟು ಚೆಂದದ ವಾಕ್ಯ. ಬದುಕಿರುವವರ ಬಗ್ಗೆ ನಮ್ಮಲ್ಲಿ ಯಾರೂ ಇಷ್ಟು ಚೆಂದ ಬರೆಯುವುದಿಲ್ಲ. ನಾನು ಸತ್ತು ಹೋಗಿ, ಯಾರೂ ನನಗೆ ತಿಳಿಸಿಲ್ಲವೇನೋ ಎಂದು ಒಂದು ಕ್ಷಣ ಅನುಮಾನವಾಯಿತು. ಕೂಡಿಸಲಿಲ್ಲ, ಕಳೆಯಲಿಲ್ಲ. ಇದು ಹೊಗಳಿಕೆಯೋ ಅಲ್ಲವೋ ಎಂಬುದೇ ನನಗೆ ಬೆಳಗಿನಿಂದ ಗೊಂದಲವಾಗಿದೆ. ಆ ಗೊಂದಲವನ್ನು ನಿಮ್ಮ ಮುಂದೆ ಇಟ್ಟು ಹೋಗೋಣವೆಂದು ನಿಂತಿದ್ದೇನೆ.

ಭಾಷಣ ಇಂಗ್ಲಿಷಿನಲ್ಲೇ ಇರಬೇಕು, ಸಂತೆಬೀದಿಯ ಬೆರಕೆ ಮಾತಾದ ಪಿಜಿನ್ ಆಡಿದರೆ ಸರ್ಕಾರಿ ಸಮಾರಂಭಕ್ಕೆ ತೂಕ ಬರುವುದಿಲ್ಲ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಅಡ್ಡಿಯಿಲ್ಲ. ಆದರೆ ಬಾಗಿಲ ಹತ್ತಿರ ಕೂತ ನಮ್ಮವರಿಗೆ ಇಂಗ್ಲಿಷ್ ಬಾರದು. ನನ್ನ ಹೆಂಡತಿಗೂ ಬಾರದು. ನೀವು ನಕ್ಕಾಗ ಅವರು ನಗುತ್ತಾರೆ, ನೀವು ಚಪ್ಪಾಳೆ ತಟ್ಟಿದಾಗ ಅವರೂ ತಟ್ಟುತ್ತಾರೆ. ಆದ್ದರಿಂದ ನಗುವವರು ಸ್ವಲ್ಪ ಜವಾಬ್ದಾರಿಯಿಂದ ನಗಬೇಕಾಗಿ ವಿನಂತಿ.

ದುಭಾಷಿ ಎಂದರೆ ಯಾರು? ಎರಡು ದಡದ ನಡುವೆ ಹಾಕಿದ ಮರದ ದಿಮ್ಮಿ. ಎಲ್ಲರೂ ತುಳಿದು ದಾಟುತ್ತಾರೆ, ದಿಮ್ಮಿಯ ಕ್ಷೇಮ ಯಾರೂ ವಿಚಾರಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಹಂದಿ ಕಳವಿನ ಪ್ರಕರಣ ಬಂತು. ಆರೋಪಿ ನಮ್ಮ ಮಾತಿನಲ್ಲಿ ತಪ್ಪೊಪ್ಪಿಕೊಂಡ. ನಾನು ಎದೆ ಸೆಟೆಸಿ ಇಂಗ್ಲಿಷಿನಲ್ಲಿ, 'ಹೌದು, ನಾನು ಹಂದಿ ಕದ್ದೆ' ಎಂದೆ. ಆ ಮ್ಯಾಜಿಸ್ಟ್ರೇಟರೂ ಕೆಲಸಕ್ಕೆ ಹೊಸಬರು. ನನ್ನನ್ನೇ ದಿಟ್ಟಿಸಿ, 'ಸರ್ಕಾರಿ ನೌಕರನಾಗಿ ನಾಚಿಕೆಯಾಗುವುದಿಲ್ಲವೇ?' ಎಂದರು. ನಾನು ಅದನ್ನೂ ಆರೋಪಿಗೆ ಅನುವಾದಿಸಿದೆ. ಅವನು, 'ನಾನು ಸರ್ಕಾರಿ ನೌಕರ ಅಲ್ವಲ್ಲ' ಎಂದ. ಅದನ್ನೂ ಅನುವಾದಿಸಿದೆ. ಅವತ್ತು ಸಂಜೆಯೊಳಗೆ ನನ್ನ ಕೆಲಸ ಹೋಗುವುದರಲ್ಲಿತ್ತು.

ನೋಡಿ, ನಮ್ಮವರೂ ನಕ್ಕರು. ಥ್ಯಾಂಕ್ಸ್.

ಕೆಲಸ ಹೋಗುವ ಭಯ ಎಂಬುದು ನನಗೆ ಆ ಮೊದಲ ವಾರವೇ ಅಂಟಿಕೊಂಡಿತು, ಆಮೇಲೆ ಬಿಡಲಿಲ್ಲ. ನಮ್ಮ ಕಡೆಯ ಆರು ಹಳ್ಳಿಗಳಲ್ಲಿ ಸರ್ಕಾರದ ಕೆಲಸ ಸಿಕ್ಕಿದ ಮೊದಲ ಮನುಷ್ಯ ನಾನು. ಬಿಳಿ ಅಂಗಿ ತೊಟ್ಟು ಊರಿಗೆ ಹೋದರೆ ಮುದುಕರು ಸರಿದು ಜಾಗ ಕೊಡುತ್ತಿದ್ದರು. ನನ್ನ ಮಾವ ಮಾತ್ರ ಸರಿಯುತ್ತಿರಲಿಲ್ಲ. 'ಅಂಗಿ ಬಿಳಿ ಇದೆ ಅಳಿಯ, ಹುಷಾರು, ಅಡಿಕೆ ಉಗುಳು ಬಿದ್ದೀತು' ಎನ್ನುತ್ತಿದ್ದರು. ಅವರ ಮಾತು ಯಾವಾಗಲೂ ಹಾಗೆ, ಸಿಪ್ಪೆ ಎಲ್ಲಿ ಮುಗಿದು ತಿರುಳು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ.

ಮಾವನ ಮಾತು ಬಂದದ್ದರಿಂದ ಆ ನದಿಯ ಪ್ರಕರಣದ ಮಾತು ಹೇಳಿಬಿಡುತ್ತೇನೆ. ತರೂವೊ ಅವರು ತಪ್ಪು ತಿಳಿಯಬಾರದು. ಈ ಸಭಾಂಗಣ ಕಂಪನಿಯದು, ಮೈಕು ಕಂಪನಿಯದು, ಹಿಂದೆ ಬೇಯುತ್ತಿರುವ ಕೋಳಿಯೂ ಕಂಪನಿಯದು. ನ್ಯಾಯಾಲಯಕ್ಕೆ ಸ್ವಂತ ಸಭಾಂಗಣ ಇಲ್ಲದಿರುವುದಕ್ಕೆ ಅವರು ಹೊಣೆಯಲ್ಲ. ಬೇರೆ ಯಾವುದಕ್ಕೆ ಅವರು ಹೊಣೆ ಎಂಬುದನ್ನು ಬರುವ ಮಂಗಳವಾರದಿಂದ ನ್ಯಾಯಾಲಯ ಮತ್ತೆ ವಿಚಾರಿಸಲಿದೆ. ನಾನು ಅದರ ಬಗ್ಗೆ ಮಾತಾಡಬಾರದು ಎಂದು ಅಧ್ಯಕ್ಷರ ಹುಬ್ಬು ಹೇಳುತ್ತಿದೆ. ಹುಬ್ಬಿನ ಭಾಷೆ ನನಗೆ ಬರುತ್ತದೆ. ಆದರೂ ಹಳೆಯ ವಿಚಾರಣೆಯ ಸಂಗತಿ ಹೇಳಬಹುದಲ್ಲ? ಅದು ತೆರೆದ ನ್ಯಾಯಾಲಯದಲ್ಲಿ ನಡೆದದ್ದು. ಇಲ್ಲಿರುವ ಅರ್ಧ ಜನ ಅಲ್ಲಿಯೂ ಇದ್ದರು.

ಒಂಬತ್ತು ವರ್ಷದ ಹಿಂದಿನ ಮಾತು. ನಮ್ಮ ನದಿಯ ಮೇಲ್ಭಾಗದಲ್ಲಿ ಕಂಪನಿಯ ತಾಳೆ ತೋಟ, ತೋಟದ ತುದಿಯಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ, ಕಾರ್ಖಾನೆಯ ಕೊಳಕು ನೀರು ನಿಲ್ಲಿಸಲು ನಾಲ್ಕು ಹೊಂಡ. ದಂಡೆಯಿಂದ ಇಷ್ಟು ಮಾರು ಬಿಟ್ಟು ತಾಳೆ ನೆಡಬೇಕು ಎಂದು ಕಾನೂನಿದೆ. ತಾಳೆ ಸಸಿಗಳಿಗೆ ಕಾನೂನು ಓದಲು ಬರುವುದಿಲ್ಲ, ಅವು ನೀರಿನವರೆಗೂ ನಡೆದುಬಂದವು. ಒಂದು ದಿನ ಬೆಳಿಗ್ಗೆ ಹೊಂಡದ ಏರಿ ಒಡೆದು ಕುದಿ ಆರದ ಕಂದು ನೀರೆಲ್ಲ ನದಿಗೆ ಇಳಿಯಿತು. ಕಂಪನಿಯವರು ಆಕಸ್ಮಿಕ ಎಂದರು. ಕೆಳಗಿನ ಮೂರು ಹಳ್ಳಿಯವರು, ಇದು ಏಳನೆಯ ಆಕಸ್ಮಿಕ ಎಂದರು. ಮೂರೂ ಹಳ್ಳಿ ಸೇರಿ ದಾವೆ ಹಾಕಿದರು. ಅವರು ಕೇಳಿದ್ದು ಇಷ್ಟೇ: ನದಿ ಕೆಡಿಸಿದವರು ನೀವು ಎಂದು ನ್ಯಾಯಾಲಯ ಹೇಳಲಿ, ಹೊಂಡ ಮುಚ್ಚಿಸಲಿ, ನೀರು ಮೊದಲಿನಂತಾಗುವವರೆಗೆ ಕಾರ್ಖಾನೆ ನಿಲ್ಲಲಿ. ಅವರ ಪರವಾಗಿ ಪೋರ್ಟ್ ಮೊರೆಸ್ಬಿಯಿಂದ ಡೆಲ್ಮಾ ವಾಗಿ ಎಂಬ ಚಿಕ್ಕ ವಯಸ್ಸಿನ ವಕೀಲೆ ಬಂದರು.

ದುಭಾಷಿ ಯಾರು? ಇನ್ಯಾರು, ನಾನೇ. ಆ ಮಾತು ಬಲ್ಲ ದುಭಾಷಿ ನಾನೊಬ್ಬನೇ ಇದ್ದೆ. ವಿಚಾರಣೆಗೆ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಬೇಕು, ಎರಡೂ ಪಕ್ಷಗಳಲ್ಲಿ ನನ್ನ ನೆಂಟರಿಲ್ಲ ಎಂದು. ನಮ್ಮ ಕಡೆ ನೆಂಟನಲ್ಲದವನನ್ನು ಹುಡುಕುವುದೆಂದರೆ ಸಮುದ್ರದಲ್ಲಿ ಒಣಗಿದ ಜಾಗ ಹುಡುಕಿದಂತೆ. ಎಲ್ಲ ಪ್ರಕರಣದಲ್ಲೂ ಸಹಿ ಹಾಕುತ್ತಿದ್ದೆ, ಇದರಲ್ಲೂ ಹಾಕಿದೆ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಇದಿಲ್ಲ. ಇರಲಿ.

ಮುಖ್ಯ ಸಾಕ್ಷಿ ಮಿಲ್ಲಿಸೆಂಟ್ ಜವೋಕ. ಬಾಗಿಲ ಹತ್ತಿರ ಹಳದಿ ಬಿಲುಮ್ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳಲ್ಲ, ಆಕೆಯೇ. ಹೆಸರು ಕೇಳಿ ತಲೆ ಎತ್ತಿದಳು ನೋಡಿ. ನನ್ನ ಹೆಂಡತಿಯ ತಮ್ಮನ ಹೆಂಡತಿ. ನನ್ನನ್ನು ಅಣ್ಣ ಎನ್ನುತ್ತಾಳೆ. ಏರಿ ಒಡೆದ ಬೆಳಿಗ್ಗೆ ನದಿಯಲ್ಲಿ ಇದ್ದವಳು ಆಕೆಯೊಬ್ಬಳೇ. ಕಟಕಟೆಯಲ್ಲಿ ನಿಂತು ಹೇಳಿದಳು, 'ಸಾಗೋ ಹಿಟ್ಟು ತೊಳಿಯೋಕೆ ಅಂತ ತಣ್ಣೀರಿಗೆ ಇಳಿದೆ. ತಣ್ಣೀರು ಬಿಸಿಯಾಗಿತ್ತು.'

ನಾನು ಅದನ್ನು ಹಾಗೆಯೇ ಅನುವಾದಿಸಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ. ನ್ಯಾಯಾಧೀಶರು ಲೇಖನಿ ಕೆಳಗಿಟ್ಟರು. ಬೆಟ್ಟದ ಸೀಮೆಯಿಂದ ಬಂದವರು, ಸಭ್ಯರು, ನಿಧಾನಸ್ಥರು.

'ತಣ್ಣೀರು ಬಿಸಿಯಾಗಿತ್ತೇ?'

'ಹೂಂ ಸ್ವಾಮಿ. ಕಾಲು ಸುಡ್ತು.'

'ಹಾಗಾದರೆ ಅದು ಬಿಸಿನೀರು.'

'ಅಲ್ಲ ಸ್ವಾಮಿ, ತಣ್ಣೀರೇ. ಬಿಸಿಯಾಗಿತ್ತು ಅಷ್ಟೆ.'

ನ್ಯಾಯಾಲಯದಲ್ಲಿ ನಗೆ ಎದ್ದಿತು. ಕೆವೆರಿಯವರೇ, ಆಗ ನೀವು ಗುಮಾಸ್ತರಾಗಿದ್ದಿರಿ, ನೀವೂ ನಕ್ಕಿದ್ದಿರಿ. ಆಕೆ ಮಾತ್ರ ನಿಲ್ಲಿಸಲಿಲ್ಲ. 'ತೊಳೆದ ಹಿಟ್ಟು ಕಂದಾಯ್ತು, ಕೊಳೆತ ಎಣ್ಣೆ ವಾಸನೆ. ಹಂದಿಗೆ ಹಾಕಿದೆ. ಹಂದಿ ಮೂಸಿ ನೋಡ್ತು, ಆಮೇಲೆ ನನ್ನ ಮುಖ ನೋಡ್ತು. ಸಿಗಡಿ ಎಲ್ಲ ನೀರು ಬಿಟ್ಟು ದಡ ಹತ್ತಿದ್ವು. ಮಕ್ಕಳು ಸಿಗಡಿ ತಾನಾಗೇ ಬಂತು ಅಂತ ಕುಣಿದ್ರು. ಮಧ್ಯಾಹ್ನಕ್ಕೆಲ್ಲ ಸತ್ತು ನಾರ್ತಿದ್ವು. ಮರುದಿನ ಅದೇ ಮಕ್ಕಳ ಕಾಲಲ್ಲಿ ಬೊಬ್ಬೆ.' ಇಷ್ಟು ಒಳ್ಳೆಯ ಸಾಕ್ಷ್ಯವನ್ನು ನಾನು ಮೂವತ್ತೊಂದು ವರ್ಷದಲ್ಲಿ ಕೇಳಿಲ್ಲ.

ಆಮೇಲೆ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು. ಕೈಯಲ್ಲಿ ಒಂದು ನಕ್ಷೆ. ಆ ನಕ್ಷೆಯಲ್ಲಿ, ನಮ್ಮ ಹಳ್ಳಿಗಳಿಂದ ದಕ್ಷಿಣಕ್ಕೆ, ಕಾರ್ಖಾನೆಯ ಗಾಳಿಯೂ ತಾಕದ ಕಡೆ, ಒಂದು ಸಣ್ಣ ತೊರೆ. ಅದರ ಹೆಸರು ತಣ್ಣೀರ ಹಳ್ಳ. ನನ್ನ ಅಜ್ಜನ ಕಾಲದಲ್ಲಿ ಯಾರೋ ಬಿಳಿಯ ಸರ್ವೆಯವನು ಬಾಯಾರಿ ಅಲ್ಲಿ ನೀರು ಕುಡಿದಿರಬೇಕು, ಖುಷಿಯಾಗಿ ಬರೆದುಕೊಂಡಿರಬೇಕು. ನಮ್ಮವರು ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಆದರೆ ನಕ್ಷೆ ನಕ್ಷೆಯೇ. 'ಸಾಕ್ಷಿ ಹೇಳುತ್ತಿರುವುದು ಈ ತೊರೆಯ ಬಗ್ಗೆ ಸ್ವಾಮಿ, ಇದಕ್ಕೂ ನಮ್ಮ ಕಾರ್ಖಾನೆಗೂ ಸಂಬಂಧವಿಲ್ಲ' ಎಂದರು.

ಡೆಲ್ಮಾ ದಿಗ್ಗನೆ ಎದ್ದು, ಸಾಕ್ಷಿ ಬರೆದುಕೊಟ್ಟ ಹೇಳಿಕೆಯಲ್ಲಿ ನದಿಯ ಸರಿಯಾದ ಹೆಸರು ಟೈಪಾಗಿದೆ ಎಂದರು. ವಕೀಲರು ಆ ಹೇಳಿಕೆಯನ್ನೇ ಮಿಲ್ಲಿಸೆಂಟಳ ಮುಂದೆ ಹಿಡಿದರು. 'ಈ ಹೆಸರು ಓದಮ್ಮ.'

ಆಕೆ ಓದಲಿಲ್ಲ.

ಯಾಕೆ ಓದಲಿಲ್ಲ ಎಂದು ಈ ಸಭೆಗೆ ನಾನು ಹೇಳಬೇಕೇ? ಅಧ್ಯಕ್ಷರೇ, ನಿಮ್ಮ ಅತ್ತೆಯವರ ಹೆಸರೇನು? ನೋಡಿ, ನಗುತ್ತಿದ್ದಾರೆ, ಹೇಳುತ್ತಿಲ್ಲ. ತರೂವೊ ಅವರೇ, ನೀವು ಆಸ್ಟ್ರೇಲಿಯಾದಲ್ಲಿ ಓದಿ ಬಂದವರು, ನಿಮ್ಮ ಮಾವನ ಹೆಸರು? ಅವರೂ ನೀರು ಕುಡಿಯುತ್ತಿದ್ದಾರೆ. ಮಿಲ್ಲಿಸೆಂಟಳ ಮಾವನಿಗೆ ಅವರ ಅಪ್ಪ ಆ ನದಿಯ ಹೆಸರನ್ನೇ ಇಟ್ಟಿದ್ದರು. ಮದುವೆಯಾಗಿ ಬಂದ ದಿನದಿಂದ ಆಕೆಯ ಪಾಲಿಗೆ ಆ ನದಿ ತಣ್ಣೀರು. ಆ ಮನೆಯ ಸೊಸೆಯಂದಿರಿಗೆಲ್ಲ ತಣ್ಣೀರು, ಅಳಿಯಂದಿರಿಗೂ ತಣ್ಣೀರು. ಆ ಮಾವ ಸಾಲದ್ದಕ್ಕೆ ಅವತ್ತು ನ್ಯಾಯಾಲಯದ ಮೊದಲ ಬೆಂಚಿನಲ್ಲೇ ಕೂತಿದ್ದರು, ಅಡಿಕೆ ಜಗಿಯಬಾರದು ಎಂದು ಪೊಲೀಸರು ಹೇಳಿದ್ದಕ್ಕೆ ಬಾಯಿ ಬಿಗಿದುಕೊಂಡು. ಆ ಮನೆಯ ಹಿರಿಯ ಅಳಿಯ ಯಾರು? ನಿಮ್ಮ ಮುಂದೆ ಮೈಕು ಹಿಡಿದು ನಿಂತಿದ್ದಾನೆ.

ವಕೀಲರು ನಾಲ್ಕು ಸಲ ಓದು ಎಂದರು. ನಾಲ್ಕು ಸಲ ನಾನು ಅನುವಾದಿಸಿದೆ. ನಾಲ್ಕನೆಯ ಸಲ ಆಕೆ ಕಾಗದ ಬಿಟ್ಟು ನನ್ನನ್ನು ನೋಡಿದಳು. 'ಓದೋಕೆ ಆಗಲ್ಲ. ನಿಮಗೇ ಗೊತ್ತಲ್ಲ ಅಣ್ಣ.'

ನಾನು ಇಂಗ್ಲಿಷಿನಲ್ಲಿ, 'ನನಗೆ ಓದಲು ಆಗುವುದಿಲ್ಲ' ಎಂದೆ. ಮುಗಿಯಿತು. ಓದು ಬರಹ ಬಾರದ ಹೆಂಗಸಿನ ಕೈಯಲ್ಲಿ ಯಾರೋ ಬರೆಸಿದ ಹೇಳಿಕೆ ಎಂದಾಯಿತು. ಮಿಷನ್ ಶಾಲೆಯಲ್ಲಿ ಆರನೆಯ ತರಗತಿ ಓದಿದವಳು ಆಕೆ, ಭಾನುವಾರ ಚರ್ಚಿನಲ್ಲಿ ಪಾಠ ಓದುವವಳು. ಉಳಿದ ತುಂಡನ್ನು ಯಾಕೆ ಅನುವಾದಿಸಲಿಲ್ಲ ಎಂದು ನೀವು ಕೇಳಬಹುದು. ಅದು ನನಗೆ ಹೇಳಿದ್ದು, ನ್ಯಾಯಾಲಯಕ್ಕಲ್ಲ. ಸಾಕ್ಷಿ ದುಭಾಷಿಗೆ ಹೇಳುವ ಖಾಸಗಿ ಮಾತು ಸಾಕ್ಷ್ಯವಾಗುತ್ತದೆಯೇ? ಇದು ಸೂಕ್ಷ್ಮ ಪ್ರಶ್ನೆ. ಒಂಬತ್ತು ವರ್ಷದಿಂದ ಯೋಚಿಸುತ್ತಿದ್ದೇನೆ.

ಡೆಲ್ಮಾಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಬೇರೆ ಪ್ರಾಂತ್ಯದವರು, ಅವರ ಕಡೆಯ ನಿಷೇಧಗಳೇ ಬೇರೆ. ಕಟಕಟೆಯ ಹತ್ತಿರ ಹೋಗಿ ಬಗ್ಗಿ ಮಿಲ್ಲಿಸೆಂಟಳನ್ನು ಪಿಜಿನ್‌ನಲ್ಲಿ ಏನೋ ಕೇಳುತ್ತಿದ್ದರು. ಆಕೆಗೆ ಆಗ ಪಿಜಿನ್ ಕೂಡ ಹೊರಡುತ್ತಿರಲಿಲ್ಲ, ಅಳುತ್ತಿದ್ದಳು. ನ್ಯಾಯಾಧೀಶರು ಎಲ್ಲರನ್ನೂ ನೋಡಿದರು. ನನ್ನನ್ನೂ ನೋಡಿದರು. ಆಮೇಲೆ ಊಟದ ವಿರಾಮ ಎಂದರು.

ಮುಂದಿನ ತಿಂಗಳು ತೀರ್ಪು. ಸಾಕ್ಷಿ ಹೇಳಿದ ನೀರಿಗೂ ಕಂಪನಿಯ ಕಾರ್ಖಾನೆಗೂ ಸಂಬಂಧ ಸಿದ್ಧವಾಗಿಲ್ಲ. ದಾವೆ ವಜಾ.

ಅವತ್ತು ಊರಿನವರ ಜೊತೆ ನಾನೂ ಲಾರಿ ಹತ್ತಿದೆ. ನಲವತ್ತು ಜನ ಇದ್ದೆವು. ಅರ್ಧ ದಾರಿಯಲ್ಲಿ, ತಾಳೆ ತೋಟದ ನಡುವೆ, ಮಾವ ಕೇಳಿದರು.

'ಏನಂದ ಅಳಿಯ ಆ ಜಡ್ಜು?'

'ನಾವು ಬೇರೆ ನೀರಿನ ಮಾತಾಡ್ತಿದ್ದೀವಂತೆ ಮಾವ.'

'ಅವನಿಗೆ ಯಾರೂ ಹೇಳಲಿಲ್ವಾ, ಇದೇ ನೀರು ಅಂತ?'

ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಹೇಳಿದೆ, 'ಯಾರು ಹೇಳೋದು ಮಾವ? ನಿಮ್ಮ ಹೆಸರು ಅಡ್ಡ ಬಂತು.'

ಮುದುಕರು ಲಾರಿಯ ಅಂಚಿಗೆ ಗಲ್ಲ ಊರಿ ತಾಳೆ ಮರಗಳನ್ನು ನೋಡುತ್ತ ಬಂದರು. ಇಳಿಯುವಾಗ ನಾನು ಕೈ ಕೊಟ್ಟರೆ ಹಿಡಿಯಲಿಲ್ಲ. ಕೋಪವಲ್ಲ. ಯೋಚನೆಯಲ್ಲಿದ್ದರು.

ಮೂರು ವಾರದ ಮೇಲೆ ಕರೆ ಕಳಿಸಿದರು. ಹೋದರೆ ಅಂಗಳದಲ್ಲಿ ಎರಡು ಹಂದಿ ಕಡಿದು ಹಾಕಿದ್ದಾರೆ, ಮೂರೂ ಹಳ್ಳಿ ಸೇರಿದೆ, ಡೆಲ್ಮಾ ಕೂಡ ಬಂದು ಚಾಪೆಯ ಮೇಲೆ ಕೂತಿದ್ದಾರೆ. ಇಷ್ಟೊಂದು ಖರ್ಚಿನ ಔತಣ ಯಾರ ಮದುವೆಗೆ ಎಂದು ನಾನು ಹೆಂಡತಿಯನ್ನು ಕೇಳಿದೆ. ಆಕೆ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡಳು. ಮುದುಕರು ಎದ್ದು ನಿಂತರು. ಅವರು ಆಡಿದ ಮಾತು ನನಗೆ ಬಾಯಿಪಾಠವಾಗಿದೆ.

'ಈ ಹೆಸರು ನಂದಲ್ಲ, ನದೀದು. ನಮ್ಮಪ್ಪ ಇಸ್ಕೊಂಡು ನಂಗೆ ಕೊಟ್ಟಿದ್ದ. ಎಂಬತ್ತು ವರ್ಷ ಇಟ್ಕೊಂಡೆ. ಕೋರ್ಟಲ್ಲಿ ನಮ್ಮ ಹುಡುಗಿ ಬಾಯಿಗೆ ಅದು ಕಲ್ಲಾಗಿ ಕೂತ್ಕೊಂಡ್ತು. ನನ್ನ ಅಳಿಯನ ಬಾಯಿಗೂ. ಅವನ ತಪ್ಪಲ್ಲ, ಪಾಪ. ಇವತ್ತು ನದಿಗೆ ಅದರ ಹೆಸರು ವಾಪಸ್ ಕೊಟ್ಟಿದ್ದೀನಿ. ಈ ಹಂದಿ ತಿಂದೋರು ಯಾರೂ ನನ್ನ ಆ ಹೆಸರಿಂದ ಕರೀಬಾರದು. ಸೊಸೆಯಂದಿರು, ಅಳಿಯಂದಿರು, ಎಲ್ಲ ನದಿ ಹೆಸರು ಬಾಯ್ತುಂಬ ಹೇಳಿ. ಉಂಬೀರ.'

ನೋಡಿದಿರಾ, ಬಾಗಿಲ ಹತ್ತಿರ ಎಲ್ಲ ತಲೆಗಳೂ ಎದ್ದವು. ಜನರ ಹೆಸರು ಬಿಟ್ಟರೆ ಈ ಭಾಷಣದಲ್ಲಿ ಅವರಿಗೆ ಅರ್ಥವಾದ ಪದ ಇದೊಂದೇ. ಅವತ್ತಿನಿಂದ ನಾನು ಅದನ್ನು ಹೇಳಬಹುದು, ದೋಷವಿಲ್ಲ. ಆದರೂ ಈಗ ಹೇಳುವಾಗ ನನ್ನ ಬೆನ್ನು ಬೆವರಿತು.

ಮನುಷ್ಯ ಹೆಸರಿಲ್ಲದೆ ಇರುವಂತಿಲ್ಲ, ಹೊಸದೊಂದು ಬೇಕು. ಮುದುಕರು ಏನು ಇಟ್ಟುಕೊಂಡರು ಎಂದು ನಾನು ನಿಮಗೆ ಹೇಳುವಂತಿಲ್ಲ, ಯಾಕೆಂದರೆ ಈಗ ಅದು ನನ್ನ ಮಾವನ ಹೆಸರು. ಸುಳಿವು ಕೊಡುತ್ತೇನೆ. ಅಂಗಡಿಯ ಕಪಾಟಿನಲ್ಲಿರುತ್ತದೆ. ತಗಡಿನ ಡಬ್ಬಿ. ಒಳಗೆ ಎಣ್ಣೆಯಲ್ಲಿ ಮಲಗಿರುವುದು ಸಮುದ್ರದ್ದು. 'ನದೀಲಿ ಏನೂ ಉಳಿದಿಲ್ಲ. ನಾನು ಅನ್ನದ ಮೇಲೆ ಹಾಕ್ಕೊಂಡು ತಿನ್ನೋದು ಈಗ ಇದೊಂದೇ. ಇದೇ ನನ್ನ ಹೆಸರು' ಎಂದರು. ಜನ ಬಿದ್ದು ಬಿದ್ದು ನಕ್ಕರು. ಅವರು ನಗಲಿಲ್ಲ. ಅವತ್ತಿನಿಂದ ಆ ಮನೆಯ ಸೊಸೆಯಂದಿರು, ಅಳಿಯಂದಿರು ಅಂಗಡಿಗೆ ಹೋದರೆ ಕೈ ತೋರಿಸಿ, 'ಅದು ಕೊಡಿ' ಎನ್ನುತ್ತೇವೆ. ಅಂಗಡಿಯ ಹುಡುಗಿ ಬೇಕೆಂದೇ, 'ಯಾವುದು, ಸೋಪಾ?' ಎನ್ನುತ್ತಾಳೆ. 'ಅಲ್ಲ, ಅದರ ಪಕ್ಕದ್ದು.' 'ಬೆಂಕಿಪೊಟ್ಟಣಾನಾ?' ಹೀಗೆ ಊರಿಗೆಲ್ಲ ನಾವು ನಗೆಪಾಟಲು.

ಮೂರು ವರ್ಷದ ಹಿಂದೆ ತೀರಿಕೊಂಡರು. ಶಿಲುಬೆಯ ಮೇಲೆ ಹೆಸರು ಬರೆಯುವಾಗ ಜಗಳವಾಯಿತು. ಹಳೆಯದು ಬರೆಯುವಂತಿಲ್ಲ, ಅದನ್ನು ಕೊಟ್ಟಾಗಿದೆ. ಹೊಸದನ್ನು ಬರೆಯಲು ಪಾದ್ರಿಗಳು ಒಪ್ಪಲಿಲ್ಲ, ಸ್ವರ್ಗದ ಬಾಗಿಲಲ್ಲಿ ಅಂಗಡಿ ಸಾಮಾನಿನ ಹೆಸರು ಹೇಳಿದರೆ ಚೆನ್ನಾಗಿರುವುದಿಲ್ಲ ಎಂದರು. ಕೊನೆಗೆ ಬರೀ ಇಸವಿ ಬರೆದು ನಿಲ್ಲಿಸಿದೆವು. ನಮ್ಮ ಸ್ಮಶಾನದಲ್ಲಿ ಹೆಸರಿಲ್ಲದ ಶಿಲುಬೆ ಅದೊಂದೇ. ಡಾಫ್ನಿ ಪ್ರತಿ ಭಾನುವಾರ ಹೋಗಿ ಒರೆಸಿ ಬರುತ್ತಾಳೆ. ಒರೆಸಲು ಅಲ್ಲಿ ಏನೂ ಇಲ್ಲ.

ಆ ಔತಣ ವ್ಯರ್ಥವಾಗಲಿಲ್ಲ ಸಭಿಕರೇ. ಡೆಲ್ಮಾ ಅದನ್ನೇ ಹಿಡಿದು ಮೇಲ್ಮನವಿ ಹಾಕಿದರು. ಮುನ್ನೂರು ಜನರ ಎದುರು ಒಬ್ಬ ಮುದುಕ ತನ್ನ ಹೆಸರು ಬಿಟ್ಟುಕೊಟ್ಟಿದ್ದಾನೆ ಎಂದರೆ ಆ ಹೆಸರು ಸಾಕ್ಷಿಯ ನಾಲಿಗೆ ಕಟ್ಟಿದ್ದು ನಿಜವಲ್ಲವೇ ಎಂದು ವಾದಿಸಿದರು. ಸುಪ್ರೀಂ ಕೋರ್ಟು ವರ್ಷಗಟ್ಟಲೆ ಕೂತು ಕೊನೆಗೆ ಹೌದು ಎಂದಿತು, ಹೊಸದಾಗಿ ವಿಚಾರಿಸಿ ಎಂದಿತು. ಈ ಮಂಗಳವಾರ ಮಿಲ್ಲಿಸೆಂಟ್ ಮತ್ತೆ ಕಟಕಟೆ ಹತ್ತುತ್ತಾಳೆ. ಹೊಸ ದುಭಾಷಿ ಕುಮಾರಿ ಎಸ್ತೆಲ್ ನಿಲ್ಲುತ್ತಾರೆ, ಅಗೋ ಕಿಟಕಿಯ ಪಕ್ಕ ಕೂತಿದ್ದಾರೆ, ಚುರುಕು ಹುಡುಗಿ. ಆಕೆಗೆ ನಮ್ಮ ಮಾತೂ ಬರುತ್ತದೆ, ನಮ್ಮ ನೆಂಟಸ್ತಿಕೆಯೂ ಇಲ್ಲ. ನಾನು ಸಾಕ್ಷಿ. ಮಾವನ ಹೆಸರಿನ ಸಂಪ್ರದಾಯ ಎಂಥದು, ಅದು ನಾಲಿಗೆಯನ್ನು ಹೇಗೆ ಕಟ್ಟುತ್ತದೆ ಎಂದು ನಾನು ಪ್ರಮಾಣ ಮಾಡಿ ಹೇಳಬೇಕು.

ಹೋದ ವಾರ ಡೆಲ್ಮಾ ನನ್ನ ಹೇಳಿಕೆ ಬರೆದುಕೊಳ್ಳಲು ಮನೆಗೆ ಬಂದಿದ್ದರು. ಎಲ್ಲ ಬರೆದು, ಲೇಖನಿ ಮುಚ್ಚುವಾಗ ಕೇಳಿದರು, 'ಒಂದು ವಿಷ್ಯ ಸರ್. ಅವತ್ತು ಊಟಕ್ಕೆ ಬಿಡೋ ಮುಂಚೆ ಜಡ್ಜ್ ನಿಮ್ಮನ್ನ ಏನೋ ಕೇಳಿದ್ರಲ್ಲ? ನಾನು ಮಿಲ್ಲಿಸೆಂಟ್ ಹತ್ರ ಬಗ್ಗಿದ್ದೆ, ಕೇಳಿಸಲಿಲ್ಲ. ರೆಕಾರ್ಡಿಂಗ್ ಮೆಷಿನ್ ಬೇರೆ ಕೆಟ್ಟಿತ್ತು.'

'ನೆನಪಿಲ್ಲಮ್ಮ' ಎಂದೆ.

ಡಾಫ್ನಿ ಬೇಯಿಸಿದ ಗೆಣಸು ತಂದಿಟ್ಟಳು. ಡೆಲ್ಮಾ ತಿಂದು ಹೋದರು. ಆ ರಾತ್ರಿಯಿಂದ ನನಗೆ ಊಟ ಸೇರುತ್ತಿಲ್ಲ.

ಕೆವೆರಿಯವರೇ, ಚೀಟಿ ಕಳಿಸಬೇಡಿ, ಮುಗಿಸುತ್ತಿದ್ದೇನೆ. ಮಾನಪತ್ರಕ್ಕೆ ಕೃತಜ್ಞ. ಕಂಪನಿಯವರು ಕೊಟ್ಟ ಗೋಡೆ ಗಡಿಯಾರಕ್ಕೆ ಕೃತಜ್ಞ. ಆದರೆ ಮಾನಪತ್ರದಲ್ಲಿ ಒಂದು ತಿದ್ದುಪಡಿ ಆಗಬೇಕು. ಒಂದು ಪದ ಕಳೆಯಲಿಲ್ಲ ಎಂಬುದು ಸರಿಯಲ್ಲ. ಅವತ್ತು ಇಂಗ್ಲಿಷಿನಲ್ಲಿ ಎರಡು ವಾಕ್ಯ ನಡೆದವು, ಒಂದು ನ್ಯಾಯಾಧೀಶರದು, ಒಂದು ನನ್ನದು. ಕಟಕಟೆಯಲ್ಲಿದ್ದವಳಿಗೂ ಮೊದಲ ಬೆಂಚಿನಲ್ಲಿದ್ದ ಮುದುಕರಿಗೂ ನಾನು ಅವುಗಳನ್ನು ಅನುವಾದಿಸಿ ಹೇಳಬೇಕಿತ್ತು. ಹೇಳಲಿಲ್ಲ. ಆ ಕೆಲಸ ಬಾಕಿ ಇದೆ. ಬಾಕಿ ಕೆಲಸ ಇಟ್ಟುಕೊಂಡು ನಿವೃತ್ತನಾಗುವಂತಿಲ್ಲ. ಇನ್ನು ಮುಂದಿನದು ನಮ್ಮ ಮಾತಿನಲ್ಲಿ. ಇಂಗ್ಲಿಷಿನವರು ಕ್ಷಮಿಸಬೇಕು. ಎಸ್ತೆಲ್, ಎದ್ದು ನಿಲ್ಲಮ್ಮ, ಇವರಿಗೆಲ್ಲ ಅನುವಾದಿಸು. ಏನೂ ಬಿಡಬೇಡ.

ಮಿಲ್ಲಿಸೆಂಟ್, ಕೇಳ್ಸ್ಕೋ ತಾಯಿ. ಡಾಫ್ನಿ, ನೀನೂ ಕೇಳು. ಮಿಲ್ಲಿಸೆಂಟ್, ಕಟಕಟೇಲಿ ನೀನು ಅಳ್ತಿದ್ದಾಗ ಜಡ್ಜ್ ನನ್ನ ಕಡೆ ತಿರುಗಿ ಕೇಳಿದ್ರು, 'ದುಭಾಷಿಗಳೇ, ಈಕೆ ಹೇಳ್ತಿರೋ ನೀರು ಯಾವುದು ಅಂತ ನಿಮಗೇನಾದ್ರೂ ಗೊತ್ತಾ?' ಯಾವುದು ಅಂತ ಹೆಸರು ಹೇಳಿ ಅನ್ನಲಿಲ್ಲ. ಗೊತ್ತಾ ಅಂದ್ರು, ಅಷ್ಟೇ. ನಾನು, 'ಗೊತ್ತಿಲ್ಲ ಸ್ವಾಮಿ' ಅಂದೆ.

ಗೊತ್ತು ಅಂದಿದ್ರೆ, ಹೇಗೆ ಗೊತ್ತು ಅಂತ ಕೇಳ್ತಿದ್ರು. ಆ ಮನೆ ಅಳಿಯ ಅನ್ನಬೇಕಾಗ್ತಿತ್ತು. ನೆಂಟರಿಲ್ಲ ಅಂತ ಸಹಿ ಹಾಕಿದ್ದೆ, ಕೆಲಸ ಹೋಗ್ತಿತ್ತು. ಆ ಹೊತ್ತಲ್ಲಿ ನನ್ನ ಬಾಯಿ ಕಟ್ಟಿದ್ದು ಮಾವನ ಹೆಸರೋ ನನ್ನ ಕೆಲಸವೋ, ದೇವರಾಣೆ ನನಗೂ ಸರಿಯಾಗಿ ಗೊತ್ತಿಲ್ಲ. ಎರಡೂ ಒಟ್ಟಿಗೆ ಬಂದ್ವು. ಲಾರೀಲಿ ಮಾವ ಕೇಳಿದಾಗ ಹೆಸರು ಅಂದುಬಿಟ್ಟೆ. ಅವರು ನಂಬಿದ್ರು. ನಂಬಿ ಹೆಸರು ಬಿಟ್ಟುಕೊಟ್ರು, ಡಬ್ಬಿ ಹೆಸರು ಇಟ್ಕೊಂಡು ಸತ್ರು.

ಹೌದು ಅನ್ನೋಕೆ ನನಗೆ ಯಾರ ಹೆಸರೂ ಬೇಕಾಗಿರಲಿಲ್ಲ.

ಮಂಗಳವಾರ ಇದನ್ನೇ ಹೇಳ್ತೀನಿ. ಮಾತು ಮುಗಿಯಿತು. ಕೂತು ಕೇಳಿದ ಎಲ್ಲರಿಗೂ ಋಣಿ. ಡಾಫ್ನಿ, ಎದ್ದು ಹೋಗಬೇಡ, ಒಂದು ನಿಮಿಷ ನಿಲ್ಲು, ಇದನ್ನ ನಿನಗೇ ಮೊದಲು ಹೇಳಬೇಕಿತ್ತು. ನಮಸ್ಕಾರ.